ಕಪ್ಪೆ ಮೀಮಾಂಸೆ: ಕಂಪನಿ ಮೋಸ ತಡೆಗೆ ಜಾವಗಲ್ ಸಿದ್ಧಾಂತ

ಕಂಪನಿಗಳಲ್ಲಿ ಮೋಸ ತಡೆಯುವುದು ಹೇಗೆ ಎಂಬುದರಲ್ಲಿ ವಿದ್ವಾಂಸರದು ಎರಡು ಪಂಥ. ಮೊದಲನೆಯದು ಭಿತ್ತಿಪತ್ರ ಪಂಥ: ಲಿಫ್ಟಿನ ಪಕ್ಕ 'ಪ್ರಾಮಾಣಿಕತೆಯೇ ನಮ್ಮ ಉಸಿರು' ಎಂದು ಬರೆಸಿ ಕಟ್ಟು ಹಾಕಿಸಿದರೆ ಕಳ್ಳತನ ನಾಚಿ ಓಡಿಹೋಗುತ್ತದೆ ಎಂಬುದು ಇವರ ಮತ. ಎರಡನೆಯದು ಜಾವಗಲ್ ಪಂಥ. ಸದ್ಯಕ್ಕೆ ಇದರ ಅನುಯಾಯಿ ಈ ಲೇಖಕನೊಬ್ಬನೇ ಆದ್ದರಿಂದ ಒಳಗೆ ಭಿನ್ನಮತವಿಲ್ಲ.

ಅರಸೀಕೆರೆ ತಾಲ್ಲೂಕಿನ ಜಾವಗಲ್ಲಿನಲ್ಲಿ 13ನೇ ಶತಮಾನದ ಲಕ್ಷ್ಮೀನರಸಿಂಹ ದೇವಾಲಯವಿದೆ. ಅಲ್ಲಿ ದುಡಿದ ರೂವಾರಿ ಮಲ್ಲಿತಮ್ಮನಿಗೆ ತನ್ನ ಕೆಲಸದ ಮೇಲೆ ಹೆಸರು ಕೊರೆಯುವ ಅಭ್ಯಾಸ. ಸೋಮನಾಥಪುರವೊಂದರಲ್ಲೇ ಅಂಥವು ನಲವತ್ತರಷ್ಟಿವೆ. ಮೂರ್ತಿಯ ಮೂಗು ಸೊಟ್ಟಗಾದರೆ ಯಾರನ್ನು ಕೇಳಬೇಕೆಂಬುದು ಏಳು ಶತಮಾನ ಕಳೆದರೂ ಗೊತ್ತಾಗುತ್ತದೆ. ಇಂದಿನ ಕಡತವೂ ಮೇಜಿಂದ ಮೇಜಿಗೆ ಸಹಿ ಹೊತ್ತೇ ಸಾಗುತ್ತದೆ. ಹಗರಣ ಹೊರಬಿದ್ದ ದಿನ ಮಾತ್ರ ಸಹಿ ಹಾಕಿದವರೆಲ್ಲ 'ನಾನು ಬರೀ ಫಾರ್ವರ್ಡ್ ಮಾಡಿದ್ದು' ಎನ್ನುತ್ತಾರೆ.

ಸಿದ್ಧಾಂತದ ಮೂಲಸೂತ್ರ ಬೇಲೂರಿನದು. ಐತಿಹ್ಯದಂತೆ, ಶಿಲ್ಪಿ ಜಕಣಾಚಾರಿ ಕಡೆದ ಚನ್ನಿಗರಾಯನ ಮೂರ್ತಿಯ ಕಲ್ಲಿನಲ್ಲಿ ದೋಷವಿದೆ ಎಂದವನು ಎಲ್ಲಿಂದಲೋ ಬಂದ ಹುಡುಗ ಡಂಕಣ. ಆಡಳಿತ ಪರಿಭಾಷೆಯಲ್ಲಿ ಪ್ರೊಬೇಷನರಿ. ಜಕಣಾಚಾರಿಗೆ ದಾರಿಗಳೇನು ಕಡಿಮೆಯಿದ್ದವೇ? ಎಚ್‌ಆರ್‌ಗೆ ಕರೆಸಿ 'ಹುಡುಗನಿಗೆ ಟೀಮ್ ಸ್ಪಿರಿಟ್ ಸಾಲದು' ಎಂದು ಬರೆಸಬಹುದಿತ್ತು. ಅಪ್ರೈಸಲ್ ಮುಗಿಯುವ ತನಕ ಕಾದು ದೂರದ ಶಾಖೆಗೆ ಎತ್ತಿಹಾಕಬಹುದಿತ್ತು. ಮುದುಕ ಹಾಗೆ ಮಾಡಲಿಲ್ಲ. ತೋರಿಸು, ದೋಷವಿದ್ದರೆ ಬಲಗೈ ಕತ್ತರಿಸಿಕೊಳ್ಳುತ್ತೇನೆ ಎಂದ. ಮೂರ್ತಿಗೆಲ್ಲ ಗಂಧ ಬಳಿದರು. ಮೈಯೆಲ್ಲ ಒಣಗಿತು, ಹೊಕ್ಕುಳ ಬಳಿ ಒಣಗಲಿಲ್ಲ. ಉಳಿ ಇಟ್ಟರೆ ನೀರು, ಮರಳು, ಜೊತೆಗೊಂದು ಜೀವಂತ ಕಪ್ಪೆ. ಜಕಣಾಚಾರಿ ಮಾತು ಉಳಿಸಿಕೊಂಡ. ಇದಕ್ಕಿಂತ ಅಗ್ಗದ ಫೊರೆನ್ಸಿಕ್ ಆಡಿಟ್ ಇನ್ನೂ ಹುಟ್ಟಿಲ್ಲ.

ನಮ್ಮ ಮುಖ್ಯಸ್ಥರಿಂದ ಕೈ ಕೇಳುವುದು ಅತಿಯಾಯಿತು; ಬೋನಸ್ಸಿಗೆ ಕತ್ತರಿ ಬಿದ್ದರೂ ಸಾಕು. ಆದರೆ ಕತ್ತರಿ ಬೀಳುವುದು ಡಂಕಣನ ಇನ್‌ಕ್ರಿಮೆಂಟಿಗೆ. ಅದನ್ನು ಕಂಡ ಉಳಿದ ಡಂಕಣರು ಆಮೇಲೆ ಕಪ್ಪೆ ವಟಗುಟ್ಟಿದರೂ 'ಎಸಿ ಸದ್ದು' ಎನ್ನುತ್ತಾರೆ. 2013ರ ಕಂಪನಿ ಕಾಯ್ದೆಯ 177ನೇ ಕಲಮು ಷೇರುಪೇಟೆಯ ಕಂಪನಿಗಳಲ್ಲಿ ದೂರು ಹೇಳಿಕೊಳ್ಳಲು ವ್ಯವಸ್ಥೆ ಇರಲೇಬೇಕು ಎನ್ನುತ್ತದೆ. ಹೇಳಿಕೊಂಡವನನ್ನು ಮರುದಿನ ಕ್ಯಾಂಟೀನಿನಲ್ಲಿ ಯಾರು ಮಾತಾಡಿಸಬೇಕೆಂದು ಅದು ಹೇಳುವುದಿಲ್ಲ. ಆ ನಡತೆ ಮೇಲಿನವರನ್ನು ನೋಡಿ ಕೆಳಗಿನವರು ತಾವೇ ಕಲಿಯುವ ವಿದ್ಯೆ.

ಪೂರ್ವಪಕ್ಷ: ಬೇಲೂರಿನ ಶಾಸನಗಳಲ್ಲಿ ದಾಸೋಜ, ಚಾವಣರ ಹೆಸರಿದೆ, ಜಕಣಾಚಾರಿಯದಿಲ್ಲ. ಇಲ್ಲದವನ ಮೇಲೆ ಸಿದ್ಧಾಂತ ಕಟ್ಟಬಹುದೇ?

ಉತ್ತರ: ಹೈದರಾಬಾದಿನ ಸತ್ಯಂ ಕಂಪನಿಯ ಲೆಕ್ಕದಲ್ಲಿ ತೋರಿಸಿದ್ದ ಐದು ಸಾವಿರ ಕೋಟಿಗೂ ಮಿಕ್ಕಿದ ಹಣ ಬ್ಯಾಂಕಿನಲ್ಲಿ ಇರಲಿಲ್ಲ. ಆ ಇಲ್ಲದ ಹಣದ ಮೇಲೆ ವರ್ಷಗಟ್ಟಲೆ ಆಡಿಟ್ ವರದಿ ಕಟ್ಟಿದರು. 2008ರಲ್ಲಿ ಸುಶಾಸನಕ್ಕೆಂದು ಚಿನ್ನದ ನವಿಲಿನ ಪ್ರಶಸ್ತಿಯೂ ಬಂತು. 2009ರ ಜನವರಿ 7ರಂದು ಅಧ್ಯಕ್ಷರೇ ಪತ್ರ ಬರೆದು ಒಪ್ಪಿಕೊಂಡ ಮೇಲೆ ನವಿಲು ಹಾರಿಹೋಯಿತು. ಜಕಣಾಚಾರಿಯಾದರೂ ಕನಿಷ್ಠ ಕಥೆಯಲ್ಲಿದ್ದಾನೆ.

ಇನ್ನು ಕೊಬ್ಬರಿ ಪ್ರಕರಣ. ಅರಸೀಕೆರೆ ಸೀಮೆಯ ರೈತ ಅಟ್ಟದ ಮೇಲೆ ವರ್ಷದ ಹತ್ತಿರ ಹತ್ತಿರ ಇಟ್ಟ ಕಾಯನ್ನು ಕಿವಿಯ ಬಳಿ ಅಲುಗಿಸುತ್ತಾನೆ. ಲೊಡಲೊಡ ಎಂದರೆ ಉಂಡೆ ಕೊಬ್ಬರಿ ಸಿದ್ಧ. ಒಳಗಿನದನ್ನು ಸದ್ದಿನಲ್ಲೇ ಹೇಳಿಬಿಡುವ ಈ ಗುಣ ಕಾಗದಕ್ಕಿಲ್ಲ. 2024ರಲ್ಲಿ ಬೆಂಬಲ ಬೆಲೆಯ ಕೊಬ್ಬರಿ ಖರೀದಿಗೆ ನಡೆದ ನೋಂದಣಿಯಲ್ಲಿ ಅಕ್ರಮವೆಂದು ಗದ್ದಲವೆದ್ದು, ಮತ್ತೊಮ್ಮೆ ನೋಂದಣಿ ಮಾಡಬೇಕಾಯಿತು.

ಪೂರ್ವಪಕ್ಷಿ ಬಿಡುವವನಲ್ಲ: 1999ರ ಫೆಬ್ರವರಿ 7ರಂದು ದೆಹಲಿಯ ಕೋಟ್ಲಾ ಮೈದಾನದಲ್ಲಿ, ಕುಂಬ್ಳೆಗೆ ಹತ್ತನೇ ವಿಕೆಟ್ ಸಿಗಲೆಂದು ಜಾವಗಲ್ ಶ್ರೀನಾಥ್ ಬೇಕೆಂದೇ ಸ್ಟಂಪಿನಿಂದಾಚೆ ಚೆಂಡು ಹಾಕಲಿಲ್ಲವೇ? ನಿಮ್ಮ ಪಂಥದ ಹೆಸರು ಹೊತ್ತವರೇ ಹೀಗಾದರೆ?

ಉತ್ತರ: ಸಾವಿರಾರು ಜನರ ಕಣ್ಣೆದುರು, ಅಂಪೈರ್ ಲೆಕ್ಕ ಹಿಡಿಯುತ್ತಿರುವಾಗ ಮಾಡಿದ್ದು ಮೋಸವಲ್ಲ, ಸಹೋದ್ಯೋಗಿಗೆ ಕೊಟ್ಟ ಉಡುಗೊರೆ. ಅದೇ ಚೆಂಡುಗಳನ್ನು ಸ್ಕೋರ್ ಪುಸ್ತಕದಲ್ಲಿ 'ಕ್ಲೀನ್ ಬೌಲ್ಡ್' ಎಂದು ಬರೆಸಿದ್ದರೆ ಅದು ಕಾರ್ಪೊರೇಟ್ ಆಗುತ್ತಿತ್ತು. ಶ್ರೀನಾಥ್ 2006ರಿಂದ ಐಸಿಸಿಯ ಮ್ಯಾಚ್ ರೆಫರಿ ಎಂಬುದನ್ನೂ ಪೂರ್ವಪಕ್ಷಿ ಗಮನಿಸಬೇಕು.

ಪೂರ್ವಪಕ್ಷಿ ಸದ್ಯ ಕಾಫಿಗೆಂದು ಎದ್ದುಹೋಗಿದ್ದಾನೆ. ಬಿಲ್ಲನ್ನು ಪಂಥದ ಖಾತೆಗೆ ಬರೆಸಿದ್ದಾನೆಂದು ಹೋಟೆಲಿನ ಹುಡುಗ ಬಂದು ಹೇಳಿದ.