ಉತ್ತರ ಬೆಂಗಳೂರಿನಲ್ಲಿ ಅಲ್ಪಜನ ವಿವಾಹದ ಸ್ಥಳನಿರ್ಣಯ: ಒಂದು ಬಹುಶಿಸ್ತೀಯ ಅನುಸಂಧಾನ

ಅಧ್ಯಾಯ ಒಂದು: ಪ್ರಾಸ್ತಾವಿಕ

ಆಧುನಿಕೋತ್ತರ ನಗರ ಸಂಕಥನದಲ್ಲಿ ವಿವಾಹವೆಂಬ ಸಾಂಸ್ಕೃತಿಕ ಪಠ್ಯವು ಸ್ಥಳವೆಂಬ ಭೌತಿಕ ಪಠ್ಯದೊಂದಿಗೆ ಏರ್ಪಡಿಸಿಕೊಳ್ಳುವ ಮುಖಾಮುಖಿಯ ಹಿನ್ನೆಲೆಯಲ್ಲಿ, ಅಲ್ಪಜನ ಅಪೌರೋಹಿತ್ಯ ದಾಂಪತ್ಯಾರಂಭದ ನೆಲೆ–ನಿಲುವು–ಆಯಾಮಗಳನ್ನು ಸಮಸ್ಯಾತ್ಮಕಗೊಳಿಸುವುದು ಪ್ರಸ್ತುತ ಅಧ್ಯಯನದ ಉದ್ದೇಶವಾಗಿರುತ್ತದೆ. ಈ ವಾಕ್ಯ ಯಾರಿಗಾದರೂ ಅರ್ಥವಾದರೆ ಪಿಎಚ್.ಡಿ. ಸಿಗುವುದಿಲ್ಲ. ವಿಷಯ ಇಷ್ಟೇ: ನನ್ನ ಅಕ್ಕನ ಮಗಳು ರಿಜಿಸ್ಟರ್ ಮದುವೆ ಆಗ್ತೀನಿ ಅಂದಳು. ನಲವತ್ತು ಜನ ಸಾಕು ಅಂದಳು. "ಮಾಮ, ಜಾಗ ನೀನೇ ನೋಡು" ಅಂದಳು.

ಅಧ್ಯಯನದ ವ್ಯಾಪ್ತಿ: ದಕ್ಷಿಣಕ್ಕೆ ಮೇಖ್ರಿ ಸರ್ಕಲ್ಲಿನ ಕೆಂಪೇಗೌಡ ಗೋಪುರ, ಉತ್ತರಕ್ಕೆ ಯಲಹಂಕ, ಪಶ್ಚಿಮಕ್ಕೆ ಯಶವಂತಪುರದ ಎಪಿಎಂಸಿ ಯಾರ್ಡು, ಪೂರ್ವಕ್ಕೆ ಆರ್.ಟಿ. ನಗರ ದಾಟಿ ನಾಗವಾರ ಬರುವ ತನಕ. ಅಧ್ಯಯನದ ಮಿತಿ: ಭಾವನ ಪಿಎಫ್ ದುಡ್ಡು. ಅಧ್ಯಯನ ವಿಧಾನ: ಸ್ಕೂಟರು.

ಅಧ್ಯಾಯ ಎರಡು: ಪೂರ್ವಸೂರಿಗಳ ಸಮೀಕ್ಷೆ

ಪುರೋಹಿತರಿಲ್ಲದ ಮದುವೆಗೆ ಈ ದೇಶದಲ್ಲಿ ಕಾಯ್ದೆಯ ಬಲ ಬಂದದ್ದು 1872ರಲ್ಲಿ, ಬ್ರಹ್ಮಸಮಾಜದ ಕೇಶವಚಂದ್ರ ಸೇನರು ಪಟ್ಟು ಹಿಡಿದಿದ್ದರಿಂದ. ಅದಕ್ಕೊಂದು ಷರತ್ತಿತ್ತು. ಮದುವೆಯಾಗುವವರು ನಾವು ಹಿಂದೂ ಅಲ್ಲ, ಮುಸ್ಲಿಂ ಅಲ್ಲ, ಕ್ರೈಸ್ತ ಅಲ್ಲ ಎಂದು ಒಂದೊಂದಾಗಿ ಅಲ್ಲಗಳೆಯಬೇಕಿತ್ತು. ಇದು ನಮಗೆ ಬೇಡ ಎಂದು ವಿರೋಧಿಸಿದವರು ದೇವೇಂದ್ರನಾಥ ಟಾಗೋರರ ಆದಿ ಬ್ರಹ್ಮಸಮಾಜದವರು. ದೇವೇಂದ್ರನಾಥರ ಮಗ ರವೀಂದ್ರನಾಥರ ಹೆಸರನ್ನೇ ನಮ್ಮ ಆರ್.ಟಿ. ನಗರ ಹೊತ್ತಿದೆ. ಆದಕಾರಣ ಆರ್.ಟಿ. ನಗರದಲ್ಲಿ ರಿಜಿಸ್ಟರ್ ಮದುವೆಗೆ ಹಾಲ್ ಸಿಗದಿರುವುದಕ್ಕೆ ಐತಿಹಾಸಿಕ ಬೇರುಗಳಿವೆ ಎಂದು ಸಾಧಿಸಿ ತೋರಿಸಬಲ್ಲ ಪ್ರಾಧ್ಯಾಪಕರು ನನಗೆ ಗೊತ್ತು. ಇನ್ನು ಕಾಯ್ದೆ ತಂದ ಸೇನರೇ ಆರು ವರ್ಷದ ನಂತರ, ಅದೇ ಕಾಯ್ದೆ ಗೊತ್ತುಮಾಡಿದ ಹದಿನಾಲ್ಕು ವರ್ಷ ತುಂಬುವ ಮುಂಚೆಯೇ, ತಮ್ಮ ಮಗಳನ್ನು ಕೂಚ್ ಬಿಹಾರದ ಮಹಾರಾಜನಿಗೆ ಕೊಟ್ಟು ಮದುವೆ ಮಾಡಿದರು. ದೊಡ್ಡ ಹಾಲ್ ಸಿಕ್ಕರೆ ಸುಧಾರಕರೂ ಜಾರುತ್ತಾರೆಂಬ ಪ್ರಮೇಯಕ್ಕೆ ಇದು ಮೂಲ ಆಕರ.

ಕನ್ನಡದಲ್ಲಿ ಈ ಕ್ಷೇತ್ರದ ಮೇರುಕೃತಿ ಕುವೆಂಪು ಅವರ ಮಂತ್ರಮಾಂಗಲ್ಯ. 1966ರಲ್ಲಿ ಮಗ ತೇಜಸ್ವಿಯವರ ಮದುವೆಯನ್ನು ಅವರು ಹಾಗೇ ಮಾಡಿದರು: ಪುರೋಹಿತರಿಲ್ಲ, ವರದಕ್ಷಿಣೆಯಿಲ್ಲ, ಆಡಂಬರವಿಲ್ಲ. ಈಗಲೂ ಕುಪ್ಪಳಿಗೆ ಹೋಗಿ ಹಾಗೆ ಮದುವೆಯಾಗುವವರಿದ್ದಾರೆ. ಹೆಬ್ಬಾಳದಿಂದ ಕುಪ್ಪಳಿ ಮುನ್ನೂರು ಕಿಲೋಮೀಟರಿಗೂ ಮೇಲೆ. ಇದರಿಂದ ನಾವು ಸಹಜವಾಗಿಯೇ ಮುಂದಿನ ಅಧ್ಯಾಯಕ್ಕೆ ಬರುತ್ತೇವೆ.

ಅಧ್ಯಾಯ ಮೂರು: ಯುಕ್ತದೂರ ಮೀಮಾಂಸೆ

1954ರ ವಿಶೇಷ ವಿವಾಹ ಕಾಯ್ದೆಯ ಹನ್ನೆರಡನೇ ಕಲಂ ಉದಾರವಾಗಿದೆ. ವಿವಾಹಾಧಿಕಾರಿಯ ಕಚೇರಿಯಲ್ಲೇ ಮದುವೆಯಾಗಬೇಕೆಂದಿಲ್ಲ. ಹೆಚ್ಚುವರಿ ಶುಲ್ಕ ಕಟ್ಟಿದರೆ ಕಚೇರಿಯಿಂದ "ಯುಕ್ತ ದೂರ"ದೊಳಗೆ ನೀವು ಹೇಳಿದ ಜಾಗಕ್ಕೆ ಅಧಿಕಾರಿಯೇ ಬರಬಹುದು. ಶಾಸ್ತ್ರ ಯಾವುದಾದರೂ ಮಾಡಿಕೊಳ್ಳಿ, ಮಾಡದೆಯೂ ಇರಿ. ಅಧಿಕಾರಿಯ ಮತ್ತು ಮೂವರು ಸಾಕ್ಷಿಗಳ ಎದುರಿಗೆ ನಿಮಗೆ ತಿಳಿಯುವ ಭಾಷೆಯಲ್ಲಿ, ನಿನ್ನನ್ನು ಕಾನೂನುಬದ್ಧ ಗಂಡನಾಗಿ, ಹೆಂಡತಿಯಾಗಿ ಸ್ವೀಕರಿಸಿದ್ದೇನೆ ಎಂದು ಒಬ್ಬರಿಗೊಬ್ಬರು ಹೇಳಿದರೆ ಮುಗಿಯಿತು. ಅರ್ಧ ನಿಮಿಷದ ಕೆಲಸ.

ಆದರೆ ಯುಕ್ತ ದೂರವೆಂದರೆ ಎಷ್ಟು? ನ್ಯೂಟನ್ನನ ಪ್ರಕಾರ ಗಂಗಾನಗರದಿಂದ ಜಕ್ಕೂರಿಗೆ ಇರುವ ದೂರ ಬೆಳಿಗ್ಗೆಯೂ ಅಷ್ಟೆ, ಸಂಜೆಯೂ ಅಷ್ಟೆ. ನ್ಯೂಟನ್ ಹೆಬ್ಬಾಳ ನೋಡಿರಲಿಲ್ಲ. 2003ರಲ್ಲಿ ಹೆಬ್ಬಾಳದ ಮೇಲ್ಸೇತುವೆ ತೆರೆದಾಗ ದೂರದ ಸಮಸ್ಯೆ ಬಗೆಹರಿಯಿತೆಂದೇ ಎಲ್ಲರೂ ನಂಬಿದ್ದರು. ಅಂದಿನಿಂದ ಅಲ್ಲಿ ಕಿಲೋಮೀಟರು ಅಪ್ರಸ್ತುತವಾಗಿ ಗಂಟೆಯೊಂದೇ ಅಳತೆಯಾಗಿ ಉಳಿದಿದೆ. ಸೇತುವೆಯ ಮೇಲೆ ಸಿಕ್ಕಿಕೊಂಡ ವಿವಾಹಾಧಿಕಾರಿ, ಅವರಿಗಾಗಿ ಕಾಯುವ ವಧೂವರರು, ಏರ್‌ಪೋರ್ಟಿಗೆ ಓಡುವ ಕ್ಯಾಬಿನವರು, ಈ ಮೂರೂ ವರ್ಗದವರು ಒಂದೇ ಕಾಲವನ್ನು ಬೇರೆಬೇರೆಯಾಗಿ ಅನುಭವಿಸುವುದನ್ನು ಸಂಶೋಧಕನು "ಹೆಬ್ಬಾಳೀಯ ಕಾಲವಿಸ್ತರಣೆ" ಎಂದು ಹೆಸರಿಸಲು ಇಚ್ಛಿಸುತ್ತಾನೆ.

ಮುಹೂರ್ತ ನಿರ್ಣಯಕ್ಕೂ ಇಲ್ಲೇ ಒಂದು ಮಾತು. ವಿವಾಹಾಧಿಕಾರಿಗೆ ನೋಟಿಸ್ ಕೊಟ್ಟು ಮೂವತ್ತು ದಿನ ಕಳೆಯಬೇಕು, ಮೂರು ತಿಂಗಳು ದಾಟಬಾರದು. ನಡುವಿನ ಎರಡು ತಿಂಗಳಲ್ಲಿ ಆಷಾಢ ಬಿದ್ದರೆ ಅದೃಷ್ಟವಂತರು ನೀವು. ಹಾಲ್‌ಗಳು ಖಾಲಿ, ಬಾಡಿಗೆಯೂ ಇಳಿದಿರುತ್ತದೆ, ವಾಲಗದವರೇ ಫೋನ್ ಮಾಡುತ್ತಾರೆ. ಕಚೇರಿಯಲ್ಲೇ ಸಹಿ ಹಾಕುವುದಾದರೆ ಶುಕ್ರವಾರ ಹತ್ತೂವರೆಯಿಂದ ಹನ್ನೆರಡು ಪ್ರಶಸ್ತ. ಆಗ ರಾಹುಕಾಲ. ಸೈಟು ರಿಜಿಸ್ಟರ್ ಮಾಡಿಸುವವರು ಹೊರಗೆ ಟೀ ಕುಡಿಯುತ್ತ ನಿಂತಿರುತ್ತಾರೆ, ಒಳಗೆ ಫ್ಯಾನಿನ ಕೆಳಗಿನ ಕುರ್ಚಿ ಖಾಲಿ. ಉಪನೋಂದಣಿ ಕಚೇರಿಗಳಲ್ಲಿ ಸುಲಲಿತವಾಗಿ ಕೆಲಸ ಮಾಡಿಕೊಡುವ ಗ್ರಹ ರಾಹುವೊಬ್ಬನೇ.

ಅಧ್ಯಾಯ ನಾಲ್ಕು: ಸ್ಥಳಗಳ ಷಡ್ವಿಧ ವರ್ಗೀಕರಣ

ಪ್ರಥಮ ವರ್ಗ, ಮಹಾಸ್ಥಳ ಅಥವಾ ಅರಮನೆ ಮೈದಾನ. ಇಲ್ಲಿ ನಲವತ್ತು ಜನ ಒಂದು ವ್ಯಾಲೆ ಪಾರ್ಕಿಂಗ್ ತಂಡದ ಸಂಖ್ಯೆ. ಗೇಟಿನ ಆಚೆ ಮದುವೆ ನಡೆದರೆ ಸದಾಶಿವನಗರದ ತನಕ ಇಡೀ ಬಳ್ಳಾರಿ ರಸ್ತೆ ಆಮಂತ್ರಣವಿಲ್ಲದೆ ಅದರಲ್ಲಿ ಭಾಗವಹಿಸುತ್ತದೆ. ಮುಂದಕ್ಕೆ ಹೋಗೋಣ.

ದ್ವಿತೀಯ ವರ್ಗ, ಕನ್ವೆನ್ಷನ್ ಹಾಲ್. ಇದು ಸಂಶೋಧಕನು ಅತ್ಯಂತ ಹತ್ತಿರದಿಂದ ಗಮನಿಸಿದ ವರ್ಗ. ಇಲ್ಲಿನ ಮಾಹಿತಿದಾರರನ್ನು ಮ್ಯಾನೇಜರ್ ಎನ್ನುತ್ತಾರೆ. ಕ್ಷೇತ್ರಕಾರ್ಯದ ಟಿಪ್ಪಣಿಯಿಂದ:

"ಎಷ್ಟು ಜನ ಸಾರ್?"

"ನಲವತ್ತು."

"ನಾನೂರಾ?"

"ನಲವತ್ತು. ನಾಲ್ಕು, ಸೊನ್ನೆ."

"ಓ, ನಿಶ್ಚಿತಾರ್ಥಕ್ಕಾ?"

"ಮದುವೆಗೇ."

ಆತ ನನ್ನನ್ನು ಮೇಲಿಂದ ಕೆಳಗೆ ನೋಡಿದ. ನೀರು ತರಿಸಲು ಹೇಳಿದ್ದನ್ನು ಕಣ್ಸನ್ನೆಯಲ್ಲೇ ರದ್ದು ಮಾಡಿದ. ನಂತರ ಗೊತ್ತಾದದ್ದು: ಮಿನಿಮಮ್ ಗ್ಯಾರಂಟಿ ಮುನ್ನೂರು ಪ್ಲೇಟು. ಉಳಿದ ಇನ್ನೂರ ಅರವತ್ತು ಪ್ಲೇಟು ಯಾರು ಉಣ್ಣಬೇಕು ಎಂದರೆ, "ಅದು ನಿಮ್ಮಿಷ್ಟ ಸಾರ್." ಡೆಕೊರೇಷನ್ ಅವರ ಕಡೆಯವರೇ. ಅಡುಗೆಯೂ ಅವರ ಕಡೆಯವರದೇ. ಜನರೇಟರಿಗೆ ಡೀಸೆಲ್ ಬೇರೆ, ಕ್ಲೀನಿಂಗ್ ಬೇರೆ, ಜಿಎಸ್‌ಟಿ ಬೇರೆ. ವಧೂವರರನ್ನು ಮಾತ್ರ ಹೊರಗಿನಿಂದ ತರಲು ಅನುಮತಿ ಇದೆ.

ಹೆಬ್ಬಾಳದಲ್ಲಿ 2018ರಲ್ಲಿ ಗಂಗರ ಕಾಲದ ವೀರಗಲ್ಲೊಂದು ಸಿಕ್ಕಿತಲ್ಲ, ಕಿತ್ತಯ್ಯನ ಶಾಸನ, ಬೆಂಗಳೂರಿನಲ್ಲಿ ಸಿಕ್ಕ ಅತಿ ಹಳೆಯ ಕನ್ನಡ ಶಾಸನಗಳಲ್ಲೊಂದು. ಆ ಪರಂಪರೆ ನಿಂತಿಲ್ಲವೆಂಬುದಕ್ಕೆ ಹಾಲಿನ ಬಲಗೋಡೆಯ ಗ್ರಾನೈಟ್ ಫಲಕವೇ ಸಾಕ್ಷಿ. ಅಕ್ಷರಕ್ಕೆ ಬಂಗಾರದ ಬಣ್ಣ. ಮೇಲೆ ಗಣಪತಿ, ಕೆಳಗೆ ಹಾಲ್ ಕಟ್ಟಿಸಿದವರ ವಂಶಾವಳಿ, ಉದ್ಘಾಟಿಸಿದ ಮಂತ್ರಿಗಳ ಬಿರುದಾವಳಿ, ಆಮೇಲೆ ದತ್ತಿಯ ವಿವರ, ಅಂದರೆ ಬಾಡಿಗೆ. ಹಳೆಯ ಶಾಸನಗಳಲ್ಲಿ ಇದನ್ನು ಅಳಿದವನು ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗುತ್ತಾನೆಂದು ಶಾಪಾಶಯ ಇರುತ್ತದೆ. ಇಲ್ಲಿ, ಗೋಡೆಗೆ ಮೊಳೆ ಹೊಡೆದವನ ಡಿಪಾಸಿಟ್ ವಾಪಸಿಲ್ಲ.

ತೃತೀಯ ವರ್ಗ, ಯಲಹಂಕದಾಚೆಯ ರೆಸಾರ್ಟು. ಇದರ ಬಗ್ಗೆ ಆಹಾರಶಾಸ್ತ್ರೀಯ ಎಚ್ಚರಿಕೆಯೊಂದಿದೆ. ಯಲಹಂಕ ವಾಯುನೆಲೆಯಲ್ಲಿ ಏರೋ ಇಂಡಿಯಾ ನಡೆಯುವ ಹೊತ್ತಿಗೆ ಸುತ್ತಮುತ್ತ ಮಾಂಸ ಮಾರುವಂತಿಲ್ಲ. ತ್ಯಾಜ್ಯಕ್ಕೆ ಹದ್ದುಗಳು ಬಂದು ವಿಮಾನಕ್ಕೆ ಬಡಿಯುತ್ತವೆ ಎಂಬ ಕಾರಣ. 2023ರಲ್ಲಿ ಸುತ್ತ 10 ಕಿಲೋಮೀಟರ್, 2025ರಲ್ಲಿ 13 ಕಿಲೋಮೀಟರ್, ಜನವರಿ 23ರಿಂದ ಫೆಬ್ರವರಿ 17ರವರೆಗೆ. ಹುಡುಗನ ಕಡೆಯವರಿಗೆ ಬಿರಿಯಾನಿ ಇಲ್ಲದೆ ಮದುವೆಯಲ್ಲ, ಯುದ್ಧವಿಮಾನಗಳಿಗೆ ಬಿರಿಯಾನಿ ಇದ್ದರೆ ಹಾರಾಟವಲ್ಲ. ವಿಶೇಷ ವಿವಾಹ ಕಾಯ್ದೆಯಲ್ಲಿ ಮದುವೆಗೆ ಆಕ್ಷೇಪಣೆ ಎತ್ತುವ ಅವಕಾಶ "ಯಾವುದೇ ವ್ಯಕ್ತಿ"ಗೆ ಉಂಟು, ಹದ್ದುಗಳಿಗಿಲ್ಲ ಎಂಬುದೊಂದೇ ಸಮಾಧಾನ.

ಚತುರ್ಥ ವರ್ಗ, ಸಮುದಾಯ ಭವನ. ಯಶವಂತಪುರದಿಂದ ಯಲಹಂಕದ ತನಕ ಇವು ಬೇಕಾದಷ್ಟಿವೆ. ಬಾಡಿಗೆ ಕಡಿಮೆ, ಊಟದ ಮನೆ ಚೊಕ್ಕ, ಚಿಕ್ಕ ಹಾಲ್ ಕೂಡ ಇರುತ್ತದೆ. ಒಂದು ಕಡೆ ಹಿರಿಯರೊಬ್ಬರು ಕನ್ನಡಕ ಏರಿಸಿ ಬುಕಿಂಗ್ ಪುಸ್ತಕ ತೆರೆದರು. ಒಳ್ಳೆಯ ಮನುಷ್ಯರು. ನಮ್ಮ ಊರು ಕೇಳಿದರು, ಅಕ್ಕನ ಯಜಮಾನರ ಊರು ಕೇಳಿದರು, "ಹಾಗಾದರೆ ನಮ್ಮೋರೇ" ಎಂದು ಬಾಡಿಗೆಯಲ್ಲಿ ಐದು ಸಾವಿರ ತಾವಾಗಿಯೇ ಇಳಿಸಿದರು. ತಾರೀಕು ಬರೆದರು. ಹುಡುಗಿಯ ಹೆಸರು ದುಂಡಗೆ ಬರೆದರು. ಹುಡುಗನ ಹೆಸರು ಹೇಳಿದೆ. ಪೆನ್ನು ಕಾಗದದ ಮೇಲೆ ನಿಂತಿತು. ಅವರು ನನ್ನ ಮುಖ ನೋಡಲಿಲ್ಲ. ಪುಸ್ತಕದ ಹಾಳೆಯನ್ನು ಹಿಂದಕ್ಕೆ ಮುಂದಕ್ಕೆ ತಿರುವಿ, "ಅಯ್ಯೋ, ಆವತ್ತು ಬ್ಲಾಕ್ ಆಗಿಬಿಟ್ಟಿದೆ ಸ್ವಾಮಿ, ಈಗ ನೋಡಿದೆ" ಅಂದರು. ಅದರ ಮಾರನೇ ದಿನ? ಅದೂ ಬ್ಲಾಕ್. ಆಷಾಢ ಪೂರ್ತಿ ಬ್ಲಾಕ್.

ಪಂಚಮ, ಷಷ್ಠ ವರ್ಗಗಳನ್ನು ಕೈಬಿಡಲಾಗಿದೆ. ನನಗೆ ವರ್ಗೀಕರಣ ಸಾಕಾಗಿದೆ. ಈ ದೇಶದಲ್ಲಿ ವರ್ಗೀಕರಣ ಮಾಡುವವರು ನಾನಲ್ಲದೆಯೂ ತುಂಬ ಜನ ಇದ್ದಾರೆ. ಗೋಡೆಯ ಬಣ್ಣ ಕೆನ್ನೀಲಿಯಾಗಲಿ ಕೇಸರಿಯಾಗಲಿ, ಹಾಲಿಗೊಂದು ಜಾತಿ ಇದೆ. ಜಾತಿ ಬಿಟ್ಟು ಬಂದವರಿಗೆ ರಿಯಾಯಿತಿ ಹಾಗಿರಲಿ, ತಾರೀಕೇ ಇಲ್ಲ.

ಅಧ್ಯಾಯ ಐದು: ಗೋಡೆ

ಇಲ್ಲಿ ಪರಿಭಾಷೆ ಬೇಡ.

ಅದೇ 1954ರ ಕಾಯ್ದೆಯ ಐದನೇ ಕಲಂ: ಇಬ್ಬರಲ್ಲಿ ಒಬ್ಬರಾದರೂ ಕನಿಷ್ಠ ಮೂವತ್ತು ದಿನದಿಂದ ವಾಸವಿರುವ ಜಿಲ್ಲೆಯ ವಿವಾಹಾಧಿಕಾರಿಗೆ ನೋಟಿಸ್ ಕೊಡಬೇಕು. ಆರನೇ ಕಲಂ: ಅದನ್ನು ಪುಸ್ತಕದಲ್ಲಿ ದಾಖಲಿಸಬೇಕು, ಯಾರು ಬಂದು ಕೇಳಿದರೂ ಬಿಟ್ಟಿಯಾಗಿ ತೋರಿಸಬೇಕು, ಕಚೇರಿಯಲ್ಲಿ ಎದ್ದು ಕಾಣುವ ಜಾಗದಲ್ಲಿ ಅಂಟಿಸಬೇಕು. ಏಳನೇ ಕಲಂ: ಮೂವತ್ತು ದಿನದೊಳಗೆ ಯಾರು ಬೇಕಾದರೂ ಆಕ್ಷೇಪಿಸಬಹುದು.

ಹೋಗಿ ನೋಡಿ ಆ ಬೋರ್ಡನ್ನು. ನಾನು ನೋಡಿದ್ದಕ್ಕೆ ತಂತಿಬಲೆಯ ಬಾಗಿಲು, ಅದಕ್ಕೊಂದು ಸಣ್ಣ ಬೀಗ. ಒಳಗೆ ಒಂದರ ಮೇಲೊಂದು ಹಾಳೆ. ಹುಡುಗ, ಹುಡುಗಿ, ವಯಸ್ಸು, ಉದ್ಯೋಗ, ಮನೆ ನಂಬರು, ಅಡ್ಡರಸ್ತೆ, ಪಾಸ್‌ಪೋರ್ಟ್ ಅಳತೆಯ ಫೋಟೊ. ಹೆಣ್ಣುಮಕ್ಕಳ ಪೂರ್ತಿ ವಿಳಾಸ. ಬೀಗ ಹಾಕಿರುವುದು ಕಾಗದ ಕಳುವಾಗದಿರಲಿ ಎಂದು. ಒಬ್ಬ ಯುವಕ ಬಂದು ಮೊಬೈಲಿನಲ್ಲಿ ಒಂದೊಂದೇ ಹಾಳೆಯ ಫೋಟೊ ತೆಗೆದುಕೊಂಡ. ಅವನ ಮದುವೆಯ ನೋಟಿಸ್ ಅಲ್ಲಿರಲಿಲ್ಲ. ಯಾರೂ ಅವನನ್ನು ಏನೂ ಕೇಳಲಿಲ್ಲ, ಕೇಳುವ ಹಾಗೂ ಇಲ್ಲ. ಕಾನೂನು ಅವನ ಪರ.

ದೇವಸ್ಥಾನದಲ್ಲಿ ತಾಳಿ ಕಟ್ಟಿ ಹಿಂದೂ ವಿವಾಹ ಕಾಯ್ದೆಯಡಿ ನೋಂದಾಯಿಸುವವರು ಮೂವತ್ತು ದಿನ ಗೋಡೆಯ ಮೇಲೆ ನಿಲ್ಲಬೇಕಾಗಿಲ್ಲ. ಧರ್ಮದ ಹೊರಗೆ ಕಾಲಿಟ್ಟವರಿಗೆ ಮಾತ್ರ ಈ ಗೌರವ. ಸರ್ಕಾರದ ಒಂದು ಇಲಾಖೆ ಅಂತರ್ಜಾತಿ ವಿವಾಹಕ್ಕೆ ಪ್ರೋತ್ಸಾಹಧನ ಕೊಡುತ್ತದೆ, ಇನ್ನೊಂದು ಇಲಾಖೆ ಅಂಥವರ ವಿಳಾಸ ಹೊರಗೆ ಅಂಟಿಸುತ್ತದೆ. ಅಲಹಾಬಾದ್ ಹೈಕೋರ್ಟ್ 2021ರ ಜನವರಿಯಲ್ಲಿ, ಜೋಡಿಗೆ ಬೇಡವಾದರೆ ನೋಟಿಸ್ ಪ್ರಕಟಿಸುವ ಅಗತ್ಯವಿಲ್ಲ ಎಂದು ಹೇಳಿತು. ಆರನೇ ಕಲಂ ಮಾತ್ರ ಕಾಯ್ದೆಯ ಪುಸ್ತಕದಲ್ಲಿ ಅಲ್ಲಾಡದೆ ಕೂತಿದೆ. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಕಲ್ಯಾಣದಲ್ಲಿ ಜಾತಿ ಮೀರಿದ ಮದುವೆಯಾದಾಗ ಎರಡೂ ಕಡೆಯ ತಂದೆಯರನ್ನು ಆನೆಯ ಕಾಲಿಗೆ ಕಟ್ಟಿ ಎಳೆಸಿದರೆಂದು ನಾವು ಶಾಲೆಯಲ್ಲಿ ಮಕ್ಕಳಿಗೆ ಹೇಳುತ್ತೇವೆ, ಹೇಳಿ ನಿಟ್ಟುಸಿರು ಬಿಡುತ್ತೇವೆ. ದೊರೆ ಬಿಜ್ಜಳನಿಗೆ ಸುದ್ದಿ ಮುಟ್ಟಿಸಲು ಯಾರಾದರೂ ಚಾಡಿಕೋರರು ಬೇಕಾಗಿದ್ದಿರಬೇಕು. ನಾವು ಅದಕ್ಕೊಂದು ಬೋರ್ಡು ಮಾಡಿಟ್ಟಿದ್ದೇವೆ.

ಆ ಮೂವತ್ತು ದಿನ ಅಕ್ಕ ಗೊತ್ತಿಲ್ಲದ ನಂಬರಿನ ಫೋನ್ ಎತ್ತಲಿಲ್ಲ. ಭಾವ ಸಂಜೆ ಆರಕ್ಕೇ ಗೇಟಿಗೆ ಬೀಗ ಹಾಕುತ್ತಿದ್ದರು. ಹುಡುಗಿ ಮಾತ್ರ ಎಂದಿನಂತೆ ಮಾನ್ಯತಾ ಟೆಕ್ ಪಾರ್ಕಿಗೆ ಹೋಗಿ ಬಂದಳು. "ಅದೇನು ಮಾಮ, ಎಕ್ಸಾಮ್ ರಿಸಲ್ಟ್ ಥರ ಅಂಟಿಸಿದ್ದಾರೆ" ಅಂತ ನಕ್ಕಳು. ಆ ನಗುವಿಗೆ ಯಾವ ಸಿದ್ಧಾಂತ ಹಚ್ಚಬೇಕೋ ಮಾರ್ಗದರ್ಶಕರನ್ನು ಕೇಳಬೇಕು.

ಅಧ್ಯಾಯ ಆರು: ಫಲಿತಗಳು ಮತ್ತು ಶಿಫಾರಸು

ಮದುವೆ ಶುಕ್ರವಾರ ರಾಹುಕಾಲದಲ್ಲಿ, ಕಚೇರಿಯಲ್ಲೇ ಆಯಿತು. ನಲವತ್ತು ಜನರಲ್ಲಿ ಒಳಗೆ ಹಿಡಿದದ್ದು ಎಂಟು. ಉಳಿದವರು ಮೆಟ್ಟಿಲ ಮೇಲೆ, ಝೆರಾಕ್ಸ್ ಅಂಗಡಿಯ ಮುಂದೆ, ಸೇಲ್ ಡೀಡ್ ಹಿಡಿದುಕೊಂಡವರ ನಡುವೆ. ಇಬ್ಬರೂ ಆ ವಾಕ್ಯವನ್ನು ಕನ್ನಡದಲ್ಲೇ ಹೇಳಿದರು. ಪಕ್ಕದ ಕೌಂಟರಿನಲ್ಲಿ ಯಾರದೋ ಟೋಕನ್ ನಂಬರ್ ಕೂಗಿದ್ದರಿಂದ ಹುಡುಗ ಎರಡನೇ ಸಲ ಹೇಳಬೇಕಾಯಿತು. ಊಟ ಸಹಕಾರನಗರದ ಹೋಟೆಲೊಂದರ ಮೇಲಿನ ಪಾರ್ಟಿ ಹಾಲಿನಲ್ಲಿ, ಬರ್ತ್‌ಡೇ ಎಂದು ಹೇಳಿ ಬುಕ್ ಮಾಡಿದ್ದು. ಒಳಗೆ ಹೋದರೆ ಗೋಡೆಗೆ ಬಲೂನು ಕಟ್ಟಿ, "ಹ್ಯಾಪಿ ಬರ್ತ್‌ಡೇ" ಎಂದು ಅಂಟಿಸಿಬಿಟ್ಟಿದ್ದರು. ನಮ್ಮ ದೊಡ್ಡಮ್ಮ ಅದರ ಕೆಳಗೇ ಕೂತು ಆರತಿ ಹಾಡಿದರು.

ಶಿಫಾರಸು ಒಂದೇ. ಅರಮನೆ ಮೈದಾನದ ವಿಸ್ತೀರ್ಣ 472 ಎಕರೆ 16 ಗುಂಟೆ. 1996ರ ಕಾಯ್ದೆಯ ಪ್ರಕಾರ ಅದು ತನ್ನದೆಂದು ಸರ್ಕಾರ, ತಮ್ಮದೆಂದು ರಾಜಮನೆತನದವರು, ಜಗಳ ಸುಪ್ರೀಂ ಕೋರ್ಟಿನ ತನಕ ಹೋಗಿದೆ. ಯಾರು ಗೆದ್ದರೂ 472 ಎಕರೆ ಅವರೇ ಇಟ್ಟುಕೊಳ್ಳಲಿ. ಮಿಕ್ಕ ಹದಿನಾರು ಗುಂಟೆಯಲ್ಲಿ ಒಂದು ಗುಂಟೆ, 1,089 ಚದರಡಿ, ರಿಜಿಸ್ಟರ್ ಮದುವೆಯವರಿಗೆ ಬಿಟ್ಟುಕೊಡಲಿ. ನಲವತ್ತು ಕುರ್ಚಿ, ಎರಡು ಫ್ಯಾನು, ಕೈತೊಳೆಯಲು ಒಂದು ನಲ್ಲಿ, ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಒಂದು ಬಾಗಿಲು. ವ್ಯಾಲೆ ಪಾರ್ಕಿಂಗ್ ಬೇಡ. ನೋಟಿಸ್ ಬೋರ್ಡೂ ಬೇಡ.