ಎರಡೂಕಾಲು ಕಿಲೋ ಭಂಗಾರ್

ಮುಂಬಯಿಯಲ್ಲಿ ಗುಜರಿಗೆ ಭಂಗಾರ್ ಎನ್ನುತ್ತಾರೆ. ನನ್ನ ಕಿವಿಗೆ ಇದು ಎಂದೋ ಒಗ್ಗಿಹೋಗಿದೆ, ಕುಂದಾಪುರದಲ್ಲಿರುವ ಅಮ್ಮನ ಕಿವಿಗೆ ಇನ್ನೂ ಒಗ್ಗಿಲ್ಲ. "ಇವರು ಮತ್ತೆ ಭಂಗಾರ್ ತಂದಿದ್ದಾರೆ ಅತ್ತೆ" ಎಂದು ಹೆಂಡತಿ ಫೋನಿನಲ್ಲಿ ದೂರು ಕೊಟ್ಟರೆ ಆ ತುದಿಯಿಂದ ಸಂಭ್ರಮದ ಪ್ರಶ್ನೆ ಬಂತು: "ಎಷ್ಟ್ ಪವನ್?"

"ಎರಡೂಕಾಲು ಕಿಲೋ."

ಆ ಕಡೆ ಸ್ವಲ್ಪ ಹೊತ್ತು ಉಸಿರೇ ಇಲ್ಲ.

ತಂದದ್ದು ಯಾವುದೋ ಕಾರ್ಖಾನೆಯ ಯಂತ್ರದಿಂದ ಕಳಚಿದ ಪವರ್ ಸಪ್ಲೈ. 230 ವೋಲ್ಟ್ ತಿಂದು 24 ವೋಲ್ಟ್, 20 ಆಂಪಿಯರ್ ಡಿಸಿ ಕೊಡುವ ತಗಡಿನ ಪೆಟ್ಟಿಗೆ. ಆಂಟಾಪ್ ಹಿಲ್‌ನ ನಮ್ಮ ಬಿಲ್ಡಿಂಗಿನ ಗಣಪತಿ ಮಂಟಪಕ್ಕೆ 20 ಮೀಟರ್ ಎಲ್‌ಇಡಿ ಪಟ್ಟಿ ಬಂದಿತ್ತು. ಮೀಟರಿಗೆ 14.4 ವ್ಯಾಟ್‌ನಂತೆ 288 ವ್ಯಾಟ್, ಅಂದರೆ 12 ಆಂಪಿಯರ್. ಕೂಗಳತೆಯ ಕಿಂಗ್ಸ್ ಸರ್ಕಲ್‌ನಲ್ಲಿ ಜಿಎಸ್‌ಬಿ ಗಣಪತಿ ಮೈತುಂಬ ಬಂಗಾರ ಹೇರಿಕೊಂಡು ಕೂರುತ್ತಾನೆ. ನಮ್ಮವನಿಗೆ ಬೆಳಕಾದರೂ ಬೇಡವೆ? ಹೊಸ ಪೆಟ್ಟಿಗೆಗೆ ಲ್ಯಾಮಿಂಗ್ಟನ್ ರೋಡಿನಲ್ಲಿ ಹೇಳಿದ ಬೆಲೆ ಕೇಳಿ, ಸಮಿತಿಯ ಖಜಾಂಚಿಯಾದ ನಾನು ನೇರವಾಗಿ ವಡಾಳಾ ಟ್ರಕ್ ಟರ್ಮಿನಲ್ ಕಡೆಯ ಭಂಗಾರ್‌ವಾಲಾನ ತಕ್ಕಡಿಯ ಮುಂದೆ ನಿಂತೆ. ತೂಗಿ ಕೊಟ್ಟ. ಮ್ಯಾನ್ಯುಯಲ್ ಇದೆಯಾ ಎಂದೆ. ರದ್ದಿ ಅಂಗಡಿ ಪಕ್ಕದ್ದು ಎಂದು ಕೈ ತೋರಿಸಿದ.

ಸತ್ತ ಮಿಕ್ಸಿಯ ವಯರ್ ಕತ್ತರಿಸಿ ಪೆಟ್ಟಿಗೆಗೆ ಬಿಗಿದು, ಇನ್ನೇನು ಪ್ಲಗ್ ಚುಚ್ಚಬೇಕು, ಕೆಳಗಿನ ಮನೆಯ ಕಾಕಾ ಪೇಪರ್ ಕೇಳಲು ಬಂದರು. ಸೊಲ್ಲಾಪುರ ಕಡೆಯವರು, ಮಾಟುಂಗಾ ರೈಲ್ವೆ ವರ್ಕ್‌ಶಾಪಿನಲ್ಲಿ ನಿವೃತ್ತರಾದವರು. 1915ರಿಂದ ಬೋಗಿಗಳನ್ನು ಬಿಚ್ಚಿ ಕಟ್ಟುತ್ತಿರುವ ಜಾಗ ಅದು. ಹಳೇ ಬೋಗಿಗಳ ದೀಪಕ್ಕೂ 24 ವೋಲ್ಟೇ ಇತ್ತಂತೆ.

"ತಡಿ ತಮ್ಮಾ, ಏನ್ ಮಾಡ್ಲಿಕತ್ತಿ?"

"ಮ್ಯಾನ್ಯುಯಲ್ ಇಲ್ಲ ಕಾಕಾ, ಹಾಕಿ ನೋಡೋಣ ಅಂತ..."

"ಹಾಕಿದ ಮ್ಯಾಲ ನೋಡ್ಲಿಕ್ಕೆ ನೀನೇ ಇರಬೇಕಲ್ಲ?"

ಕನ್ನಡಕ ಏರಿಸಿ ಪೆಟ್ಟಿಗೆಯನ್ನು ಜಾತಕದಂತೆ ಓದತೊಡಗಿದರು. ಎಲ್, ಎನ್, ಅರ್ತ್ ಗುರುತು, ಪ್ಲಸ್ಸು, ಮೈನಸ್ಸು. ಪಕ್ಕದಲ್ಲೊಂದು ಕಿಂಡಿ, ಅದರೊಳಗೆ ಧೂಳು. ಊದಿದರು. ಧೂಳಿನಡಿ ಕೆಂಪು ಸ್ವಿಚ್, ಅದರ ಮೇಲೆ ಮೂರು ಅಂಕಿ: 115.

ಕಾಕಾ ಪೇಪರ್ ಕೆಳಗಿಟ್ಟರು. 115 ಅಂದರೆ ಅಮೆರಿಕದ ಕರೆಂಟು. ಆ ಸ್ಥಾನದಲ್ಲಿದ್ದಾಗ ಒಳಗಿನ ಸರ್ಕ್ಯೂಟು ಬಂದದ್ದನ್ನು ಇಮ್ಮಡಿ ಮಾಡಿಕೊಳ್ಳುತ್ತದೆ. ನಮ್ಮ 230 ವೋಲ್ಟ್ ಡಿಸಿಯಾದರೆ 325, ಇಮ್ಮಡಿಯಾದರೆ 650. ಮುಚ್ಚಳ ತೆಗೆದು ತೋರಿಸಿದರು. ಹೆಬ್ಬೆರಳು ಗಾತ್ರದ ಎರಡು ಕೆಪಾಸಿಟರ್, ಒಂದೊಂದರ ಮೇಲೂ 200 ವೋಲ್ಟ್ ಎಂದು ಅಚ್ಚು. ಅವುಗಳ ನಡುವೆ ಒಣಗಿ ಹಪ್ಪಳವಾದ ಒಂದು ಹಲ್ಲಿ. "ಇದಕ್ಕೂ ಮ್ಯಾನ್ಯುಯಲ್ ಸಿಕ್ಕಿದ್ದಿಲ್ಲ" ಅಂದರು ಕಾಕಾ.

ಹಲ್ಲಿ ತೆಗೆದು, ಧೂಳು ಗುಡಿಸಿ, ಸ್ವಿಚ್ಚು 230ಕ್ಕೆ ಸರಿಸಿದ ಮೇಲೂ ಪ್ಲಗ್ ಚುಚ್ಚಲು ಅಪ್ಪಣೆಯಿಲ್ಲ. ಸೀರೀಸ್ ಬಲ್ಬ್ ಬೇಕು, ಅದೂ ಹಳೇ ಕಾಲದ ತಂತಿಯ 100 ವ್ಯಾಟ್‌ನದು. ಒಳಗೆ ಶಾರ್ಟ್ ಇದ್ದರೆ ಪೆಟ್ಟಿಗೆ ಉರಿಯುವ ಬದಲು ಬಲ್ಬ್ ಉರಿಯುತ್ತದೆ. ಈಗ ಆ ಬಲ್ಬ್ ಎಲ್ಲಿ ಸಿಗಬೇಕು? ನನ್ನ ಭಂಗಾರಿಗೆ ಬಾಯಿಗೆ ಬಂದಂತೆ ಬೈಯುವ ಹೆಂಡತಿ ಅಟ್ಟದ ಹಳೇ ಟ್ರಂಕಿನಿಂದ, ಸೀರೆಯಲ್ಲಿ ಸುತ್ತಿಟ್ಟ ಎರಡು ಬಲ್ಬ್ ತೆಗೆದುಕೊಟ್ಟಳು. ಯಾಕೆ ಇಟ್ಟಿದ್ದೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಪ್ಲಗ್ ಹಾಕಿದೆವು. ಬಲ್ಬ್ ಒಮ್ಮೆ ಪಕ್ಕನೆ ಬೆಳಗಿ ಮಂಕಾಯಿತು. ಪೆಟ್ಟಿಗೆಯ ಫ್ಯಾನು ಗೊರಗೊರ ಎಂದಿತು. ಮೀಟರಿನಲ್ಲಿ 24.1. ನಾನು ಕುಣಿಯುವುದೊಂದು ಬಾಕಿ. ಕಾಕಾ ಜೇಬಿನಿಂದ ಟೆಸ್ಟರ್ ತೆಗೆದು ತಗಡಿಗೆ ಮುಟ್ಟಿಸಿದರು. ಟೆಸ್ಟರ್ ಮಿನುಗಿತು!

ಕೆಟ್ಟದ್ದು ಪೆಟ್ಟಿಗೆಯಾಗಿರಲಿಲ್ಲ. ಇಂಥ ಸಪ್ಲೈಗಳಲ್ಲಿ ಗದ್ದಲ ಸೋಸುವ ಪುಟ್ಟ ಕೆಪಾಸಿಟರ್‌ಗಳು ಎರಡೂ ತಂತಿಗಳಿಂದ ಮೈಗೆ ಕಟ್ಟಿರುತ್ತವೆ. ಅವು ಸೋರುವ ಚೂರು ಕರೆಂಟು ಅರ್ತಿಗೆ ಹೋಗಬೇಕು. ಅರ್ತ್ ಇಲ್ಲದಿದ್ದರೆ ತಗಡು ಅರ್ಧ ವೋಲ್ಟೇಜಿನಲ್ಲಿ ತೇಲುತ್ತ, ಮುಟ್ಟಿದವರನ್ನು ಜುಮ್ಮೆನಿಸುತ್ತದೆ. ಕಾಕಾ ಬಲ್ಬಿನ ಒಂದು ತಂತಿ ಫೇಸಿಗೆ, ಇನ್ನೊಂದು ಸಾಕೆಟ್ಟಿನ ಮೂರನೇ ತೂತಿಗೆ ಕೊಟ್ಟರು. ಕತ್ತಲೆ. ಹನ್ನೊಂದು ವರ್ಷಗಳಿಂದ ನಾನು ಭಕ್ತಿಯಿಂದ ಮೂರು ಕಡ್ಡಿ ಚುಚ್ಚುತ್ತಿದ್ದ ಆ ತೂತು ಗೋಡೆಯೊಳಗೆ ಯಾವುದಕ್ಕೂ ಸೇರಿರಲಿಲ್ಲ. ಫ್ರಿಜ್ಜು ಜುಮ್ ಅನ್ನುತ್ತದೆ ಎಂದು ಹೆಂಡತಿ ಹೇಳಿದಾಗಲೆಲ್ಲ "ನಿನ್ನ ಕೈ ಒದ್ದೆ" ಎಂದು ನಾನು ತೀರ್ಪು ಕೊಟ್ಟಿದ್ದೆ. ಅಂದು ರಾತ್ರಿಯ ಊಟದ ವಿವರ ಇಲ್ಲಿ ಬೇಡ.

ವೈರ್‌ಮನ್ ಬಂದು ಅರ್ತ್ ಎಳೆದ. ಮಳೆಗಾಲದ ಮಂಟಪವಾದ್ದರಿಂದ 30 ಮಿಲಿಆಂಪಿಯರ್ ಸೋರಿದರೆ ತಾನೇ ಬೀಳುವ ಆರ್‌ಸಿಸಿಬಿ ಸ್ವಿಚ್ಚೂ ಬಂತು. ಹೊಸ ಪೆಟ್ಟಿಗೆಯ ಬೆಲೆಯನ್ನು ಭಂಗಾರ್ ಅಲ್ಲಿಗೇ ದಾಟಿತ್ತು. ಕಡೆಯ ಪರೀಕ್ಷೆಗೆ ಟ್ರಕ್ ಹೆಡ್‌ಲೈಟಿನ 24 ವೋಲ್ಟ್, 70 ವ್ಯಾಟ್ ಬಲ್ಬ್ ನಾಲ್ಕು. ವಡಾಳಾದಲ್ಲಿ ಅದಕ್ಕೇನು ಬರ? ಎರಡು ಗಂಟೆ ನಮ್ಮ ಹಾಲಿನಲ್ಲಿ ಲಾರಿ ನಿಂತಂತಿತ್ತು.

ಕೊನೆಗೆ ಕಾಕಾ ಹಳೇ ಕ್ಯಾಲೆಂಡರ್ ಹಾಳೆಯ ಬೆನ್ನಿಗೆ ಸ್ಕೆಚ್ ಪೆನ್ನಿನಲ್ಲಿ ಬರೆದು ಪೆಟ್ಟಿಗೆಗೆ ಅಂಟಿಸಿದರು: "ಸ್ವಿಚ್ 230 ಅದನೋ ನೋಡ್ರಿ. ಅರ್ತ್ ಅದನೋ ನೋಡ್ರಿ. ಬಂದ್ ಮಾಡಿದ ಮ್ಯಾಲ ಐದ್ ಮಿನಿಟ ಮುಟ್ಟಬ್ಯಾಡ್ರಿ." ಅಂತೂ ಮ್ಯಾನ್ಯುಯಲ್ ಸಿಕ್ಕಿತು.

ವಿಸರ್ಜನೆಯ ದಿನ ಟೆಂಪೋ ಸಜ್ಜಾಗಿತ್ತು, ತಾಶೆಯವರು ಕಡ್ಡಿ ಎತ್ತಿದ್ದರು. ದೀಪ ಆರಿಸಿ ಪೆಟ್ಟಿಗೆ ಎತ್ತಲು ಹುಡುಗರು ಬಗ್ಗಿದರೆ ಕಾಕಾ ಅಡ್ಡ ಬಂದರು. ಆ ಐದು ನಿಮಿಷ ಮುಚ್ಚಳ ತೆಗೆದು ಒಳಗೆ ಕೈ ಹಾಕುವವರಿಗೆ, ಒಳಗಿನ ಕೆಪಾಸಿಟರ್ ಬರಿದಾಗಲಿ ಎಂದು. ಹಾಗೆಂದು ಹೇಳಿ ನೋಡಿದೆ. ಕಾಕಾ ಹಾಳೆಯತ್ತ ಬೆರಳು ತೋರಿಸಿದರು. ಗಣಪತಿ, ತಾಶೆ, ಟೆಂಪೋ, ಹಿಂದೆ ಹಾರ್ನ್ ಹೊಡೆಯುವ ಬೆಸ್ಟ್ ಬಸ್ಸು, ಎಲ್ಲರೂ ಕಾಯುತ್ತ ನಿಂತೆವು. ಕಾಕಾ ಎಚ್‌ಎಂಟಿ ಕೈಗಡಿಯಾರ ನೋಡುತ್ತಿದ್ದರು.

"ಇನ್ನೂ ಒಂದೂವರೆ ಮಿನಿಟ ಅದ."