ಕಾಲು ಯಾವ ಕಡೆ ಚಾಚಲಿ?

ಕಾಯಿಲೆ ಬಂದರೆ ನಾಲ್ಕು ಜನಕ್ಕೆ ಗೊತ್ತಿರುವ ಕಾಯಿಲೆಯೇ ಬರಬೇಕು. ಶುಗರ್ ಎಂದರೆ ಮದುವೆಮನೆಯಲ್ಲಿ ಹೋಳಿಗೆ ಬಡಿಸುವವನೂ ಅರ್ಥ ಮಾಡಿಕೊಂಡು ಅರ್ಧ ಹೋಳಿಗೆ ಹಾಕಿ ಮುಂದೆ ಹೋಗುತ್ತಾನೆ. ಮಂಡಿನೋವು ಎಂದರೆ ಬಸ್ಸಿನಲ್ಲಿ ಯಾರಾದರೂ ಎದ್ದು ಸೀಟು ಕೊಡುತ್ತಾರೆ. ಕಿಡ್ನಿಯಲ್ಲಿ ಕಲ್ಲು ಎಂದರಂತೂ ಅದರ ಗತ್ತೇ ಬೇರೆ, ಎಷ್ಟು ಎಂ.ಎಂ. ಎಂದು ಕೇಳಿ, ತಮ್ಮದರ ಅಳತೆಯನ್ನೂ ಹೇಳಿ ಹೋಗುತ್ತಾರೆ. ನನಗೆ ಬಂದದ್ದು ಮಾರ್ಟನ್ಸ್ ನ್ಯೂರೋಮಾ. ಪಾದದ ಮೂರನೆಯ ಮತ್ತು ನಾಲ್ಕನೆಯ ಬೆರಳುಗಳ ಬುಡದಲ್ಲಿ ಹಾದುಹೋಗುವ ನರವೊಂದು ಒತ್ತಿಸಿಕೊಂಡೂ ಒತ್ತಿಸಿಕೊಂಡೂ ದಪ್ಪವಾಗುವುದು. ಹೊರಗಿನಿಂದ ಊತವಿಲ್ಲ, ಗಾಯವಿಲ್ಲ, ಎಕ್ಸ್‌ರೇಯಲ್ಲಿ ಏನೂ ಇಲ್ಲ. ಕಾಲೂರಿದರೆ ಮಾತ್ರ ಚಪ್ಪಲಿಯೊಳಗೆ ಕಡಲೆಕಾಳು ಸಿಕ್ಕಿಕೊಂಡ ಹಾಗೆ. ಬಿಚ್ಚಿ ಕೊಡವಿದರೆ ಕಡಲೆ ಉದುರುವುದಿಲ್ಲ. ಬ್ಯಾಂಕಿನ ಕೌಂಟರಿನ ಹಿಂದೆ ನಾನು ಹೀಗೆ ಕೊಡವುತ್ತಿದ್ದುದನ್ನು ಕಂಡು ಪಿಂಚಣಿಗೆ ಬಂದ ಅಜ್ಜರೊಬ್ಬರು, "ಇರುವೇನಾ ತಾಯಿ?" ಎಂದು ತಮ್ಮ ಕಾಲನ್ನೂ ಹಿಂದಕ್ಕೆ ಎಳೆದುಕೊಂಡಿದ್ದರು.

ದೊಡ್ಡಮ್ಮನ ಪ್ರಕಾರ ಅದು ಆಣಿ. "ಎಕ್ಕದ ಹಾಲು ಹಚ್ಚೇ, ಉದುರಿಹೋಗತ್ತೆ." ಆಣಿ ಇದ್ದರಲ್ಲವೇ ಉದುರುವುದು?

ಡಾಕ್ಟರು ಮಾತಾಡುವ ಮೊದಲು ಒಂದು ಕೈಯಲ್ಲಿ ನನ್ನ ಪಾದದ ಮುಂಭಾಗವನ್ನು ಎರಡೂ ಪಕ್ಕದಿಂದ ಹಿಂಡಿ, ಇನ್ನೊಂದು ಹೆಬ್ಬೆರಳಿನಿಂದ ಅಂಗಾಲನ್ನು ಒತ್ತಿದರು. ಒಳಗೆ ಏನೋ 'ಟಕ್' ಎಂದಿತು. ನನ್ನ ಬಾಯಿಂದ ಬಂದದ್ದು ಬರೆಯುವ ಹಾಗಿಲ್ಲ. ಅವರ ಮುಖ ಮಾತ್ರ ಅರಳಿತು. 1951ರಲ್ಲಿ ಮುಲ್ಡರ್ ಎಂಬುವರು ಬಣ್ಣಿಸಿದ ಲಕ್ಷಣವಂತೆ ಅದು, ಇಷ್ಟು ಸ್ಪಷ್ಟವಾಗಿ ಸಿಗುವುದು ಅಪರೂಪವಂತೆ. ಪಕ್ಕದ ಕೋಣೆಯಿಂದ ಇಬ್ಬರು ಕಿರಿಯ ಡಾಕ್ಟರುಗಳನ್ನು ಕರೆಸಿ ಅವರಿಗೂ ಒಂದೊಂದು 'ಟಕ್' ಕೇಳಿಸಿದರು. ನನ್ನ ಅಂಗಾಂಗವೊಂದು ಇಷ್ಟು ಜನರ ಮೆಚ್ಚುಗೆ ಗಳಿಸಿದ್ದು ಅದೇ ಮೊದಲು.

ಕಾಯಿಲೆಗೆ ಹೆಸರು ಕೊಟ್ಟ ಮಾರ್ಟನ್ ಅಮೆರಿಕದ ಫಿಲಡೆಲ್ಫಿಯಾದ ಸರ್ಜನ್. 1876ರಲ್ಲಿ ಈ ನೋವಿನ ಬಗ್ಗೆ ಬರೆದರು. ನೋವು ನಾಲ್ಕನೆಯ ಬೆರಳಿನ ಬುಡದ ಕೀಲಿನದು ಎಂದುಕೊಂಡು ಆ ಕೀಲನ್ನೇ ಕತ್ತರಿಸಿ ತೆಗೆದರು. ಕಿರಿಕಿರಿ ಮಾಡಿದ್ದು ಬಾಡಿಗೆದಾರ, ಕೆಡವಿದ್ದು ಮನೆ! ಅದಕ್ಕೂ ಮೊದಲು, 1845ರಲ್ಲಿ, ವಿಕ್ಟೋರಿಯಾ ರಾಣಿಯ ಪಾದ ನೋಡಿಕೊಳ್ಳುತ್ತಿದ್ದ ಲೂಯಿಸ್ ಡರ್ಲಾಕರ್ ಇದು ನರದ ಬಾಧೆ ಎಂದು ಸರಿಯಾಗಿಯೇ ಗುರುತಿಸಿದ್ದರು. ಅವರು ಬರೆದದ್ದು ಆಣಿಗಳ ಕುರಿತ ಪುಸ್ತಕದಲ್ಲಿ. ಇದನ್ನು ದೊಡ್ಡಮ್ಮನಿಗೆ ಹೇಳಬಾರದಿತ್ತು. "ನೋಡು, ರಾಣಿ ಡಾಕ್ಟರೂ ಆಣಿ ಪುಸ್ತಕದಲ್ಲೇ ಬರೆದಿರೋದು" ಎಂದು ಮತ್ತೆ ಎಕ್ಕದ ಗಿಡದ ಕಡೆ ಹೊರಟರು.

ಡಾಕ್ಟರು ಹಾಳೆಯ ಮೇಲೆ ಪಾದದ ಚಿತ್ರ ಬರೆದು ಇರುವ ದಾರಿಗಳನ್ನೆಲ್ಲ ಹೇಳಿದರು. ಮುಂಭಾಗ ಅಗಲವಿರುವ ಚಪ್ಪಲಿ, ಒಳಗೊಂದು ಸಣ್ಣ ಪ್ಯಾಡ್. ಎಲುಬುಗಳು ಕೊಂಚ ಸರಿದರೆ ನರಕ್ಕೆ ಉಸಿರಾಡಲು ಜಾಗ. ಅದಕ್ಕೆ ಬಗ್ಗದಿದ್ದರೆ ಸ್ಟೀರಾಯ್ಡ್ ಇಂಜೆಕ್ಷನ್. ಕೆಲವರಿಗೆ ತಿಂಗಳುಗಟ್ಟಲೆ ಆರಾಮ, ಕೆಲವರಿಗೆ ಬೇಗನೆ ನೋವು ಮರಳುತ್ತದೆ, ಮೇಲಿಂದ ಮೇಲೆ ಚುಚ್ಚಿಸಿಕೊಂಡರೆ ಅಂಗಾಲಿನ ಕೊಬ್ಬಿನ ಮೆತ್ತೆ ಸವೆಯಬಹುದು. ಆಮೇಲೆ ನರಕ್ಕೇ ಆಲ್ಕೊಹಾಲ್ ಚುಚ್ಚುವುದು, ಅಥವಾ ಸೂಜಿಯ ತುದಿಯಿಂದ ಶಾಖ ಕೊಟ್ಟು ಅದರ ಬಾಯಿ ಮುಚ್ಚಿಸುವುದು. ಕೊನೆಯದು ಆಪರೇಷನ್. ನರದ ಆ ತುಂಡನ್ನೇ ತೆಗೆಯುತ್ತಾರೆ. ಹೆಚ್ಚಿನವರಿಗೆ ನೋವು ಹೋಗುತ್ತದೆ. ಬೆರಳುಗಳ ನಡುವೆ ಸ್ಪರ್ಶವೂ ಹೋಗುತ್ತದೆ. ಕೆಲವರಲ್ಲಿ ಕತ್ತರಿಸಿದ ತುದಿ ಮತ್ತೆ ಗಂಟಾಗಿ ಮೊದಲಿಗಿಂತ ಜೋರಾಗಿ ಕಾಡುವುದೂ ಉಂಟು. ಎಲ್ಲ ಹೇಳಿ, "ನಿರ್ಧಾರ ನಿಮ್ಮದು" ಎಂದರು. ಪಾಪ, ಅವರಿಗೆ ನಮ್ಮ ಮನೆ ಗೊತ್ತಿಲ್ಲ.

ನಮ್ಮಲ್ಲಿ ಚಿಕಿತ್ಸೆ ಆರಿಸುವುದೆಂದರೆ ಯಾರ ಮುನಿಸು ಕಟ್ಟಿಕೊಳ್ಳಬೇಕೆಂದು ಆರಿಸುವುದು. ಮಾವನವರಿಗೆ ಸ್ಟೀರಾಯ್ಡ್ ಎಂದರೆ ಆಗದು. "ಒಲಿಂಪಿಕ್ಸಲ್ಲೇ ಬ್ಯಾನ್ ಮಾಡಿದಾರಲ್ಲಮ್ಮ ಅದನ್ನ!"

"ನಾನು ಬಸ್‌ಸ್ಟಾಪಿನವರೆಗೆ ನಡೆದರೆ ಸಾಕು ಮಾವ, ಪದಕ ಬೇಡ."

ಭಾವನಿಗೆ ಆಲ್ಕೊಹಾಲ್ ಇಂಜೆಕ್ಷನ್ ಬಹಳ ಹಿಡಿಸಿತು. "ನರಕ್ಕೆ ನೇರ ಕೊಟ್ಟರೆ ಔಷಧಿ, ಹೊಟ್ಟೆ ಮೂಲಕ ಕಳಿಸಿದರೆ ಕೆಟ್ಟ ಚಟ. ಇದ್ಯಾವ ನ್ಯಾಯ?" ಎಂದು ಅಕ್ಕನ ಕಡೆ ನೋಡಿದರು. ಅಕ್ಕ ಬಟಾಣಿ ಬಿಡಿಸುತ್ತಲೇ, "ನಿಮ್ಮ ನರ ಯಾವುದೂ ದಪ್ಪ ಆಗಿಲ್ಲ, ಹೊಟ್ಟೆ ಒಂದೇ ಆಗಿರೋದು" ಎಂದಳು. ಇವರು ಎಂದಿನಂತೆ, "ನಿನಗೆ ಹೇಗೆ ಅನಿಸತ್ತೋ ಹಾಗೆ" ಎಂದು ಪೇಪರ್ ಮಡಿಸಿಟ್ಟರು. ಮುಂದೆ ಏನಾದರೂ ಹೆಚ್ಚುಕಡಿಮೆಯಾದರೆ "ನಾನು ಆಗಲೇ ಅಂದಿದ್ದೆ" ಎನ್ನಲು ಇದಕ್ಕಿಂತ ಅನುಕೂಲವಾದ ಅಭಿಪ್ರಾಯ ಇನ್ನೊಂದಿಲ್ಲ.

ಪ್ಯಾಡ್ ಆಯಿತು, ಇಂಜೆಕ್ಷನ್ನೂ ಆಯಿತು. ಮಳೆಗಾಲ ಪೂರ್ತಿ ಹಾಯಾಗಿದ್ದೆ. ದಸರೆಯ ನೂಕುನುಗ್ಗಲಿನಲ್ಲಿ ಕಡಲೆಕಾಳು ವಾಪಸು ಬಂತು. ಎಲ್ಲರ ಮುನಿಸನ್ನೂ ಒಟ್ಟಿಗೇ ಕಟ್ಟಿಕೊಂಡು ಆಪರೇಷನ್ನಿಗೆ ಒಪ್ಪಿದೆ.

ಅಲ್ಲಿ ಎದುರಾದ ನಿಜವಾದ ಅಡ್ಡಿ ನರವಲ್ಲ, ಕಾಲುಂಗುರ. ಮೈಮೇಲೆ ಲೋಹದ ಚೂರೂ ಇರಕೂಡದು ಎಂದು ನರ್ಸ್. ಮುತ್ತೈದೆಯ ಕಾಲು ಬರಿದಾಗಕೂಡದು ಎಂದು ಅತ್ತೆ. ಮದುವೆಯಾದಂದಿನಿಂದ ಬೆರಳಿನೊಂದಿಗೆ ಒಂದಾಗಿದ್ದ ಉಂಗುರ ಸೋಪುನೀರಿಗೂ ಜಗ್ಗಲಿಲ್ಲ. ಕೊನೆಗೆ ಕೊಬ್ಬರಿ ಎಣ್ಣೆ ಸುರಿದು, ದಾರ ಸುತ್ತಿ ಎಳೆದಾಗ ಹೊರಬಂತು. ಅಡಿಯಲ್ಲಿ ಬಿಸಿಲನ್ನೇ ಕಾಣದ ಬಿಳಿಯ ಪಟ್ಟಿ. ಅತ್ತೆ ಸೆರಗಿನ ತುದಿಯಿಂದ ಅರಿಶಿನದ ದಾರ ತೆಗೆದು ಬೆರಳಿಗೆ ಕಟ್ಟಲು ಬಗ್ಗಿದರು. "ಅಜ್ಜಿ, ಈಗಷ್ಟೇ ಸ್ಪಿರಿಟ್ಟಲ್ಲಿ ಒರೆಸಿದೀನಿ" ಎಂದಳು ನರ್ಸ್. ಅರಿಶಿನಕ್ಕಿಂತ ದೊಡ್ಡ ಕ್ರಿಮಿನಾಶಕ ಯಾವುದು ಎಂದು ಅತ್ತೆ. ಇಬ್ಬರೂ ತಮ್ಮ ತಮ್ಮ ಶಾಸ್ತ್ರ ಬಿಡಲಿಲ್ಲ. ಆಮೇಲೆ ದಾರ ನನ್ನ ತಲೆದಿಂಬಿನ ಕೆಳಗೆ, ಉಂಗುರ ಅತ್ತೆಯ ಎಲೆಅಡಿಕೆ ಚೀಲದಲ್ಲಿ ಎಂದು ರಾಜಿಯಾಯಿತು. ಆಪರೇಷನ್ ಇದಕ್ಕಿಂತ ಬೇಗ ಮುಗಿಯಿತು.

ಮನೆಗೆ ಕಳಿಸುವಾಗ ಕೊಟ್ಟ ಸೂಚನೆ ಸರಳವಾಗಿತ್ತು: ಗಟ್ಟಿ ಅಟ್ಟೆಯ ಷೂ ಹಾಕಿ ಹಿಮ್ಮಡಿಯ ಮೇಲೆ ಭಾರ ಬಿಟ್ಟು ನಡೆಯಬೇಕು, ಮಲಗಿದಾಗ ಕಾಲನ್ನು ದಿಂಬಿನ ಮೇಲೆ, ಎದೆಗಿಂತ ಎತ್ತರದಲ್ಲಿ ಇಡಬೇಕು. ಯಾವ ದಿಕ್ಕಿಗೆ ಎಂದು ಬರೆದಿರಲಿಲ್ಲ. ಉತ್ತರಕ್ಕೆ ತಲೆ ಹಾಕಬಾರದು, ಹಾಗಾಗಿ ದಕ್ಷಿಣಕ್ಕೆ ಕಾಲು ಹೋಗುವಂತಿಲ್ಲ. ಪೂರ್ವದ ಗೋಡೆಯಾಚೆ ದೇವರಮನೆ. ಉತ್ತರಕ್ಕೆ ಕಾಲು ಚಾಚಿದರೆ ಗೋಡೆಯ ಮೇಲೆ ತಾತ, ಗಂಧದ ಹಾರ ಹಾಕಿಸಿಕೊಂಡು ನನ್ನನ್ನೇ ನೋಡುತ್ತಾರೆ. ಉಳಿದದ್ದು ಪಶ್ಚಿಮ. ಅಲ್ಲಿ ನೋಡಲು ಬಂದವರ ಕುರ್ಚಿ. ಹೀಗಾಗಿ ಬಂದವರಿಗೆಲ್ಲ ಎರಡು ದಿಂಬಿನ ಎತ್ತರದಿಂದ, ಮುಖದ ನೇರಕ್ಕೆ, ಬ್ಯಾಂಡೇಜು ಸುತ್ತಿದ ಪಾದದ ದರ್ಶನವಾಗುತ್ತಿತ್ತು. ಸೋದರಮಾವ ಕುರ್ಚಿಯನ್ನು ಅತ್ತ ಇತ್ತ ಸರಿಸಿ ನೋಡಿದರು. ಎತ್ತ ಸರಿದರೂ ಪಾದವೇ. ಕಡೆಗೆ ಅದನ್ನೇ ನೋಡುತ್ತಾ, "ಹುಷಾರಾಗಮ್ಮ" ಎಂದು ಕೈಮುಗಿದು ಎದ್ದರು. ಅವರಿಗೆ ಎಪ್ಪತ್ತು ದಾಟಿದೆ. ನನಗೆ ಯಾವ ಜನ್ಮಕ್ಕೆ ಈ ಪಾಪದ ಲೆಕ್ಕ ಬರುತ್ತದೋ ತಿಳಿಯದು.

ಹೊಲಿಗೆ ಬಿಚ್ಚಿದ ಮೇಲೆ ಎಂಸಿಆರ್ ಚಪ್ಪಲಿ ಬರೆದುಕೊಟ್ಟರು. ಅದರ ಮೆತ್ತನೆಯ ರಬ್ಬರನ್ನು ಒತ್ತಿ ನೋಡುತ್ತಾ ವೆಲ್ಲೂರಿನ ಡಾ. ಪಾಲ್ ಬ್ರ್ಯಾಂಡ್ ನೆನಪಾದರು. ಕುಷ್ಠರೋಗಿಗಳ ಕೈಕಾಲು ಹಾಳಾಗುವುದು ಬಹುಮಟ್ಟಿಗೆ ನೋವು ತಿಳಿಯದೆ ಆದ ಗಾಯಗಳಿಂದ ಎಂದು ತೋರಿಸಿಕೊಟ್ಟವರು ಅವರು. ಸ್ಪರ್ಶ ಕಳೆದುಕೊಂಡ ಆ ಪಾದಗಳಿಗೆ ಇಂಥದೇ ಚಪ್ಪಲಿ ಬೇಕಾಗುತ್ತಿತ್ತು. 1993ರಲ್ಲಿ ಫಿಲಿಪ್ ಯಾನ್ಸಿ ಜೊತೆಗೂಡಿ ಬರೆದ ಪುಸ್ತಕದ ಹೆಸರಿನಲ್ಲೇ ಬ್ರ್ಯಾಂಡ್ ನೋವನ್ನು ಯಾರಿಗೂ ಬೇಡದ ಉಡುಗೊರೆ ಎಂದಿದ್ದಾರೆ. ಆ ಉಡುಗೊರೆಯನ್ನು ನಾನು ದುಡ್ಡು ಕೊಟ್ಟು ವಾಪಸು ಮಾಡಿ ಬಂದಿದ್ದೆ. ಈಗ ಎರಡು ಬೆರಳುಗಳ ಮಧ್ಯೆ ಸೋಪು ಹಚ್ಚಿದರೆ ಬೇರೆ ಯಾರದೋ ಕಾಲು ತೊಳೆದಂತಾಗುತ್ತದೆ. ಗಾಯ ಗೀಯ ಆಗಿದೆಯೇ ಎಂದು ರಾತ್ರಿ ಕಣ್ಣಿಂದಲೇ ನೋಡಿಕೊಳ್ಳಬೇಕು. ಆದರೂ ಬ್ರ್ಯಾಂಡ್ ಅವರ ಕ್ಷಮೆ ಕೇಳಿ ಹೇಳುತ್ತೇನೆ, ಇಷ್ಟೇ ಇಷ್ಟು ಜಾಗದಲ್ಲಿ ಉಡುಗೊರೆ ಇಲ್ಲದಿದ್ದರೆ ಸುಖವಾಗಿಯೇ ಇರುತ್ತದೆ.

ಊತ ಪೂರ್ತಿ ಇಳಿಯುವ ಮೊದಲೇ ಅತ್ತೆ ಉಂಗುರ ತೆಗೆದರು. ಬೆರಳಿಗೆ ಹತ್ತಲಿಲ್ಲ. ಅಗಲ ಮಾಡಿಸಿಕೊಂಡು ಬರೋಣವೆಂದು ಆಟೋದಲ್ಲಿ ಅಶೋಕ ರಸ್ತೆಗೆ ಕರೆದೊಯ್ದರು. ಬೆಳ್ಳಿ ಅಂಗಡಿಯವರು ಉಂಗುರವನ್ನೂ ಕಾಲಿನ ಗಾಯದ ಗೆರೆಯನ್ನೂ ಕನ್ನಡಕದ ಮೇಲಿಂದ ನೋಡಿ ವಿಷಯವೇನೆಂದು ವಿಚಾರಿಸಿದರು. ಅತ್ತೆ ಮೊದಲಿನಿಂದ ಎಲ್ಲ ಹೇಳಿದರು, ಆಲ್ಕೊಹಾಲ್ ಒಂದು ಬಿಟ್ಟು. ಅವರು ಉಂಗುರವನ್ನು ಕಬ್ಬಿಣದ ಕೋಲಿಗೆ ಏರಿಸಿ, ಮರದ ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತಾ ತಲೆಯಾಡಿಸಿದರು.

"ನರಕ್ಕೆ ಬೆಳ್ಳಿಯಷ್ಟು ಒಳ್ಳೇದು ಯಾವುದೂ ಇಲ್ಲ ಮೇಡಂ. ಮೂರನೇ ಬೆರಳಿಗೂ ಒಂದು ಹಾಕಿದ್ದರೆ ಆಗಿಹೋಗೋದು. ಕೊಯ್ಸೋ ಮುಂಚೆ ನಮ್ಮನ್ನ ಒಂದು ಮಾತು ಕೇಳಬಾರದಿತ್ತೇ?"

ಅತ್ತೆ ನನ್ನ ಕಡೆ ತಿರುಗಿದರು. ಡಾಕ್ಟರು ಬರೆದುಕೊಟ್ಟ ಚೀಟಿಯಲ್ಲಿ ಇನ್ನೂ ಆರು ವಾರ ಓಡಬಾರದು ಎಂದಿತ್ತು. ಇಲ್ಲದಿದ್ದರೆ ಅಲ್ಲೇ ಕಾಲಿಗೆ ಬುದ್ಧಿ ಹೇಳುತ್ತಿದ್ದೆ.